ತಾತನ ಕಲ್ಲಿಗೆ ನೀರು ಹಾಕಿದ ವಾರ

ಮಧ್ಯಕಾಲೀನ ಚರಿತ್ರೆಯನ್ನೇ ಯಾಕೆ ಆರಿಸಿಕೊಂಡಿರಿ ಎಂದು ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಮುಂದಿನ ಬೆಂಚಿನ ಹುಡುಗಿ ನಮ್ಮ ನಾಡಿನ ಭವ್ಯ ಪರಂಪರೆ ಎಂದು ಏನೋ ಶುರುಮಾಡಿದಳು. ಅವಳ ಹಿಂದಿನವನು ಸ್ಪರ್ಧಾತ್ಮಕ ಪರೀಕ್ಷೆಗೆ ಅನುಕೂಲ ಎಂದ. ನನ್ನ ಸರದಿ ಬಂದಾಗ, ಆಧುನಿಕ ಚರಿತ್ರೆಯ ಕ್ಲಾಸುಗಳು ಮಧ್ಯಾಹ್ನದ ಮೇಲಿವೆ ಸರ್, ಅವನ್ನು ಮುಗಿಸಿಕೊಂಡು ಹೊರಟರೆ ನಮ್ಮೂರಿನ ಬಸ್ಸು ಸಿಗುವುದಿಲ್ಲ ಎಂದೆ. ಕ್ಲಾಸು ನಕ್ಕಿತು. ನಾನೇನೂ ತಮಾಷೆಗೆ ಹೇಳಿರಲಿಲ್ಲ. ಮೇಷ್ಟ್ರೂ ನಗಲಿಲ್ಲ. ಯಾವ ಊರು ಎಂದು ಕೇಳಿದರು. ನಂಜನಗೂಡು ತಾಲ್ಲೂಕು, ಹದಿನಾರು ಗ್ರಾಮದ ಹತ್ತಿರ ಎಂದೆ. ಆ ಕಡೆ ಕಲ್ಲುಗಳು ಚೆನ್ನಾಗಿವೆ ಎಂದು ಹೇಳಿ ಕೂರಿಸಿದರು.

ಬಸ್ಸಿನ ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ನಾನು ಬೇಗ ಮನೆ ಸೇರಬೇಕಾಗಿದ್ದದ್ದು ಅಣ್ಣನ ಕಾರಣಕ್ಕೆ. ಅವನ ಎರಡು ಕಿಡ್ನಿಗಳೂ ಹಾಳಾಗಿ ವರ್ಷ ಕಳೆದಿತ್ತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟಿನ ಮೇಲೆ ಲೋಡಿಂಗ್ ಕೆಲಸ ಮಾಡುತ್ತಿದ್ದವನು, ಕಾಲು ಊದಿಕೊಂಡಾಗ ನಿಂತೂ ನಿಂತೂ ಹೀಗಾಗಿದೆ ಎಂದುಕೊಂಡು ದಿನ ತಳ್ಳಿದ. ಮುಖವೂ ಊದಿಕೊಂಡ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಆಮೇಲಿಂದ ಸೋಮವಾರ, ಗುರುವಾರ ತಿ. ನರಸೀಪುರದಲ್ಲಿ ಡಯಾಲಿಸಿಸ್. ಅಪ್ಪ ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದರಿಂದ ಅವನ ಜೊತೆ ಹೋಗಿಬರುವವಳು ಅವ್ವ ಒಬ್ಬಳೇ.

ನನ್ನ ಎಂ.ಎ. ಶುರುವಾದ ಆ ಸೋಮವಾರ ಬೆಳಿಗ್ಗೆ ಮೂವರೂ ಒಂದೇ ಸ್ಟಾಪಿನಲ್ಲಿ ನಿಂತಿದ್ದೆವು. ನನಗೆ ನಂಜನಗೂಡಿನ ಬಸ್ಸು, ಅಲ್ಲಿಂದ ಮೈಸೂರಿಗೆ. ಅವರದು ಎದುರು ದಿಕ್ಕು. ಅಣ್ಣ ನನ್ನ ಬ್ಯಾಗನ್ನು ಎತ್ತಿ ತೂಗಿ ನೋಡಿ, ಇಷ್ಟು ಹಗುರವಾಗಿದ್ದರೆ ಮೇಷ್ಟ್ರು ಆಚೆಗೆ ಕಳಿಸುತ್ತಾರೆ ಕಣೇ ಎಂದು ಕಿಚಾಯಿಸಿದ. ಅಷ್ಟಕ್ಕೇ ಅವನಿಗೆ ಏದುಸಿರು ಬಂತು. ಸಿಮೆಂಟಿನ ಮೂಟೆ ಹೊತ್ತವನು ಪುಸ್ತಕದ ಬ್ಯಾಗಿಗೆ ಏದುಸಿರು ಬಿಡುವುದನ್ನು ನೋಡಲಾರದೆ ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತೆ.

ಆ ವಾರ ನಮ್ಮ ಮನೆ ಕಾಯುತ್ತಿದ್ದದ್ದು ನನ್ನ ಕ್ಲಾಸನ್ನಲ್ಲ. ಅವ್ವ ತನ್ನ ಒಂದು ಕಿಡ್ನಿ ಅಣ್ಣನಿಗೆ ಕೊಡುವುದೆಂದು ಪಟ್ಟುಹಿಡಿದು ಕೂತಿದ್ದಳು. ನನ್ನದನ್ನೂ ಪರೀಕ್ಷೆ ಮಾಡಿಸೋಣ ಎಂದು ನಾನು ಅಂದದ್ದಕ್ಕೆ, ಮೊದಲು ನನ್ನದು ನೋಡಲಿ, ಆಮೇಲೆ ನಿನ್ನ ಮಾತು ಎಂದು ಬಾಯಿ ಮುಚ್ಚಿಸಿದ್ದಳು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಇಬ್ಬರಿಗೂ ನೆತ್ತಿಯಿಂದ ಪಾದದವರೆಗೆ ಎಲ್ಲ ಪರೀಕ್ಷೆ ಮಾಡಿದ್ದರು. ಫಲಿತಾಂಶ ಏನೆಂಬುದನ್ನು ಗುರುವಾರ ಡಯಾಲಿಸಿಸ್‌ಗೆ ಬಂದಾಗ ತಿ. ನರಸೀಪುರದ ಡಾಕ್ಟರೇ ತಿಳಿಸುತ್ತಾರೆ ಎಂದಿದ್ದರು. ಹೀಗಾಗಿ ಸೋಮವಾರದಿಂದ ಗುರುವಾರದ ತನಕ ನಾವು ಮೂವರೂ ಊಟ ಮಾಡಿದ್ದೂ ಮಲಗಿದ್ದೂ ಗುರುವಾರಕ್ಕಾಗಿಯೇ.

ಮೇಷ್ಟ್ರು ಆ ಮೊದಲ ದಿನವೇ ಒಂದು ಕೆಲಸ ಹಚ್ಚಿದರು. ಈ ಸೀಮೆಯ ಮಧ್ಯಕಾಲ ಇರುವುದು ಪುಸ್ತಕದಲ್ಲಲ್ಲ, ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಯಾರದೋ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನಲ್ಲಿ ಎಂದರು. ನಿಮ್ಮ ನಿಮ್ಮ ಊರಿಗೆ ಹೋಗಿ ಒಂದು ಹಳೆಯ ಕಲ್ಲನ್ನು ಹುಡುಕಿ, ಅದರ ಚಿತ್ರ ಬರೆದು, ಬರುವ ಸೋಮವಾರ ತನ್ನಿ. ತೊಳೆಯುವುದಾದರೆ ಬರೀ ನೀರು, ಮೆತ್ತನೆಯ ನಾರು. ತಂತಿ ಬ್ರಷ್ಷು ಮುಟ್ಟಿದವರನ್ನು ಕ್ಲಾಸಿಗೆ ಸೇರಿಸುವುದಿಲ್ಲ. ಕಲ್ಲನ್ನು ಪೂಜೆ ಮಾಡುವವರು ಇದ್ದರೆ ಅವರನ್ನು ಕೇಳಿ. ಬೇಡ ಎಂದರೆ ಕೈಕಟ್ಟಿಕೊಂಡು ವಾಪಸು ಬನ್ನಿ. ಇಷ್ಟು ಹೇಳಿ, ಚಾಕ್‌ಪೀಸಿನ ಪುಡಿ ಒದರಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು.

"ಕಲ್ಲಿನ ಮೇಲೆ ಏನಿದೆಯೋ ಅದನ್ನ ಬರ್ಕೊಳ್ಳಿ. ಅದರ ಅರ್ಥ ಆಮೇಲೆ. ನಿಮಗೆ ಬೇಕಾದ ಅರ್ಥ ಮೊದಲೇ ತಲೇಲಿ ಕೂತ್ಕೊಂಡ್ರೆ, ಕಣ್ಣು ಅದನ್ನೇ ನೋಡುತ್ತೆ."

ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.

ನನಗೆ ಕಲ್ಲು ಹುಡುಕುವ ಕಷ್ಟವಿರಲಿಲ್ಲ. ನಮ್ಮ ಹೊಲದ ಬದುವಿನಲ್ಲೇ, ಹೊಂಗೆಮರದ ಕೆಳಗೆ ಎದೆಯೆತ್ತರದ ಒಂದು ವೀರಗಲ್ಲು ನಿಂತಿದೆ. ವೀರಗಲ್ಲು ಎಂಬ ಹೆಸರು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ನಮ್ಮ ವಂಶದ ನಾಲ್ಕಾರು ಮನೆಯವರಿಗೆ ಅದು ತಾತ. ದೇವರು ಎಂದು ಯಾರೂ ಅನ್ನುವುದಿಲ್ಲ. ಗುಡಿಯಿಲ್ಲ, ಪೂಜಾರಿಯಿಲ್ಲ, ಹಬ್ಬವಿಲ್ಲ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಾತ್ರ ತಾತನ ನೆನಪಾಗುತ್ತದೆ. ಆಗ ಆ ಮನೆಯ ಹೆಂಗಸು ಪ್ರತಿ ಶುಕ್ರವಾರ ಹೋಗಿ ತಾತನ ನೆತ್ತಿಗೆ ಹರಳೆಣ್ಣೆ ಹಾಕಿ, ಮೈಗೆಲ್ಲ ಅರಿಸಿನ ಬಳಿದು ಬರಬೇಕು. ಕಾಯಿಲೆ ಇರುವ ತನಕ ಅದರ ಮೇಲೆ ಯಾರೂ ಒಂದು ತೊಟ್ಟು ನೀರು ಹಾಕುವಂತಿಲ್ಲ. ಮಳೆಯ ನೀರು ಲೆಕ್ಕಕ್ಕಿಲ್ಲ. ಕಾಯಿಲೆಯವರು ಎದ್ದು ಓಡಾಡುವಂತಾದ ದಿನ ಬಿಸಿನೀರು, ಸೀಗೆಪುಡಿ ಒಯ್ದು, ಬಾಣಂತಿಗೆ ಎರೆದ ಹಾಗೆ ತಾತನನ್ನು ಉಜ್ಜಿ ತೊಳೆಯುತ್ತಾರೆ. ಅದಕ್ಕೆ ತಾತನಿಗೆ ನೀರು ಹಾಕುವುದು ಎನ್ನುತ್ತೇವೆ. ಕಾಯಿಲೆಯವರು ಹೋಗಿಬಿಟ್ಟರೂ, ಸೂತಕ ಕಳೆಯುವ ದಿನ ಅದೇ ಬಿಸಿನೀರು, ಅದೇ ಸೀಗೆಪುಡಿ. ಎರಡರಲ್ಲಿ ಒಂದು ಆಗುವ ತನಕ ಎಣ್ಣೆ.

ಚಿಕ್ಕಂದಿನಲ್ಲಿ ನನಗೆ ಕಾಮಾಲೆ ಬಂದು ವಾಸಿಯಾದಾಗ ತಾತನಿಗೆ ನೀರು ಹಾಕಿದ್ದು ನೆನಪಿದೆ. ಅಣ್ಣನೇ ನೀರಿನ ಬಿಂದಿಗೆ ಹೊತ್ತು ತಂದಿದ್ದ. ಈಗ ಅಣ್ಣನಿಗಾಗಿ ವರ್ಷವಿಡೀ ಬಿದ್ದ ಎಣ್ಣೆ, ಅರಿಸಿನ, ಹೊಲದ ಧೂಳು ಎಲ್ಲ ಸೇರಿ ಕಲ್ಲಿನ ಮೇಲೆ ಬೆರಳು ದಪ್ಪ ಕಪ್ಪು ಜಿಡ್ಡು ಕಟ್ಟಿತ್ತು. ತಲೆ ಎಲ್ಲಿ, ತೋಳು ಎಲ್ಲಿ ಎಂಬುದೂ ತಿಳಿಯುತ್ತಿರಲಿಲ್ಲ.

ಮಂಗಳವಾರ ರಾಗಿಮುದ್ದೆ ತಟ್ಟೆಗೆ ಹಾಕುತ್ತಿದ್ದ ಅವ್ವನನ್ನು, ಕಲ್ಲನ್ನು ತೊಳೆದುಕೊಳ್ಳಲೇ ಎಂದು ಕೇಳಿದೆ. ಅವಳು ತಲೆಯೆತ್ತಲೂ ಇಲ್ಲ, ಕೂಡದು ಎಂದಳು. ಒಂದು ಮೂಲೆಯನ್ನಷ್ಟೇ ಎಂದೆ. ಅದೂ ಕೂಡದು. ನನಗೆ ಕೋಪ ಮೂಗಿನ ತುದಿಯಲ್ಲೇ. ಆಸ್ಪತ್ರೆಯ ಮಿಷಿನ್ನು ಅವನ ರಕ್ತ ತೊಳೆಯುತ್ತಿರುವುದಕ್ಕೆ ಅವನು ಉಳಿದಿರುವುದು, ನಿನ್ನ ಎಣ್ಣೆಯಿಂದಲ್ಲ ಎಂದುಬಿಟ್ಟೆ. ಅವ್ವ ಸಿಟ್ಟಾಗಲಿಲ್ಲ. ಆ ಮಿಷಿನ್ನು ಡಾಕ್ಟರದು, ಎಣ್ಣೆ ನನ್ನದು, ಒಬ್ಬೊಬ್ಬರು ಅವರವರಿಗೆ ತಿಳಿದದ್ದು ಮಾಡುತ್ತಿದ್ದೇವೆ ಎಂದಳು. ಅಣ್ಣ ಉಪ್ಪಿಲ್ಲದ ಸಾರನ್ನು ಕಲಸಿಕೊಳ್ಳುತ್ತ, ತೊಳೆದರೆ ತಾತನ ಮುಖ ನೋಡಿ ನೀನೇ ಹೆದರಿಕೊಳ್ಳುತ್ತೀಯ, ಸುಮ್ಮನಿರು ಎಂದು ಜಗಳ ಬಿಡಿಸಿದ. ದಿನಕ್ಕೆ ಇಷ್ಟೇ ನೀರು ಎಂದು ಅವನಿಗೆ ಅಳತೆಯಿತ್ತು. ಊಟವಾದ ಮೇಲೆ ತನ್ನ ಪಾಲಿನ ಲೋಟದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ ಬಹಳ ಹೊತ್ತು ಹಾಗೇ ಇಟ್ಟುಕೊಂಡು ಕೂತ.

ಬುಧವಾರ ಮೇಷ್ಟ್ರು ವೀರಗಲ್ಲುಗಳ ಚಿತ್ರ ತೋರಿಸಿದರು. ಕೆಳಗಿನ ಸಾಲಿನಲ್ಲಿ ಕಾಳಗ. ನಡುವಿನ ಸಾಲಿನಲ್ಲಿ ಸತ್ತವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲಿನ ಸಾಲಿನಲ್ಲಿ ಲಿಂಗದ ಮುಂದೆ ಅವನು ಹಾಯಾಗಿ ಕೂತಿರುವುದು. ಸಾಲುಗಳ ನಡುವಿನ ಪಟ್ಟಿಯಲ್ಲಿ ಬರಹ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವರದೇ ಹೆಚ್ಚಂತೆ. ಯುದ್ಧ ಎಂದರೆ ರಾಜರದು ಎಂದುಕೊಂಡಿದ್ದೆ. ನಾಲ್ಕು ಹಸುವಿಗೆ ಪ್ರಾಣ ಬಿಟ್ಟವರು ಇವರು. ಕೇಳುತ್ತ ಕೇಳುತ್ತ ನನಗೆ ರೇಗಿತು. ಸಾಯುವುದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಸ್ವರ್ಗಕ್ಕೆ ಎರಡು ಸಾಲು ಕೊಟ್ಟಿದ್ದಾರಲ್ಲ, ಮನೆಯವರನ್ನು ಎಲ್ಲೂ ಕೆತ್ತಿಲ್ಲವಲ್ಲ ಎಂದು. ಎದ್ದು ನಿಂತು, ನಮ್ಮ ಹೊಲದಲ್ಲೂ ಎಣ್ಣೆ ಹಾಕುವ ಇಂಥ ಕಲ್ಲೊಂದಿದೆ ಎಂದು ಹೇಳಿ, ಅದನ್ನೇ ಕೇಳಿದೆ. ಒಳ್ಳೆಯ ಪ್ರಶ್ನೆ, ಕಲ್ಲು ನಿಲ್ಲಿಸಿದವರೇ ಮನೆಯವರು ಎಂದರು ಮೇಷ್ಟ್ರು. ವಾರದಲ್ಲಿ ಮೊದಲ ಸಲ ಈ ಓದು ನನ್ನದು ಅನ್ನಿಸಿತು.

ಗುರುವಾರ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಅವರು ಆಗಲೇ ಬಂದಿದ್ದರು. ಅಣ್ಣ ಡಯಾಲಿಸಿಸ್ ಆದ ದಿನಗಳಲ್ಲಿ ಬೀಳುವ ಹಾಗೆಯೇ ಗೋಡೆಯ ಕಡೆ ಮುಖ ಮಾಡಿ ನಿದ್ದೆಹೋಗಿದ್ದ. ಸೂಜಿ ಚುಚ್ಚಿದ ಕೈಗೆ ಹತ್ತಿಯ ಪಟ್ಟಿ ಕಟ್ಟಿದ್ದರು. ಅವ್ವ ಒಲೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬ್ಯಾಗನ್ನೂ ಇಳಿಸದೆ ಏನಾಯಿತು ಎಂದು ಕೇಳಿದೆ.

"ನನ್ದು ಮ್ಯಾಚಾಯ್ತದಂತೆ," ಅಂದಳು.

ನಾನು ಅಲ್ಲೇ ಅವಳ ಪಕ್ಕ ಕೂತು ಅತ್ತುಬಿಟ್ಟೆ. ಅವ್ವ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು, ಆದರೆ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಯಾವಾಗ ಆಪರೇಷನ್ ಎಂದೆ. ಇನ್ನೂ ಹೇಳಬೇಕಂತೆ ಎಂದಳು. ಖುಷಿಯಲ್ಲಿ ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಸದ್ಯ ಉಳಿದ, ಉಳಿದ ಎಂದು ಮನಸ್ಸು ಅದನ್ನೇ ಹೇಳಿಕೊಳ್ಳುತ್ತಿತ್ತು.

ಶುಕ್ರವಾರ ನಾನು ಕ್ಲಾಸಿನಲ್ಲಿ ಮೊದಲ ಸಲ ಬೇರೆಯವರ ಜೊತೆ ಕೂತು ಊಟ ಮಾಡಿದೆ, ನಗಾಡಿದೆ. ಪರಂಪರೆಯ ಹುಡುಗಿ ಅಷ್ಟೇನೂ ಕೆಟ್ಟವಳಲ್ಲ ಅನ್ನಿಸಿತು. ಬರುವಾಗ ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ರಸಬಾಳೆ ಕಂಡಿತು. ಕಿಡ್ನಿ ಹೋದವರು ಬಾಳೆಹಣ್ಣು ತಿನ್ನಬಾರದು. ಅಣ್ಣನಿಗೆ ಪ್ರಾಣವಾಗಿದ್ದ ಹಣ್ಣು ಅದು, ವರ್ಷದಿಂದ ಮನೆಗೇ ತಂದಿರಲಿಲ್ಲ. ತರಬಾರದೆಂದು ಗೊತ್ತಿದ್ದೂ ಒಂದು ಚಿಪ್ಪು ತಂದೆ. ಅಣ್ಣ ಹಣ್ಣನ್ನು ಮೂಗಿಗೆ ಹಿಡಿದುಕೊಂಡು, ಆಪರೇಷನ್ ಆಗಲಿ, ಒಂದು ಗೊನೆ ಒಬ್ಬನೇ ತಿನ್ನುತ್ತೇನೆ ಎಂದ. ಅವ್ವನಿಗೆ ಕೊಟ್ಟರೆ ಹಸಿವಿಲ್ಲ ಎಂದಳು. ನೀರೊಲೆಯ ಮೇಲಿರಬೇಕಾದ ಹಂಡೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ನಾನೇ ಅದನ್ನು ಎತ್ತಿ ಒಳಗಿಟ್ಟೆ, ಯಾಕೆ ಹೊರಗಿದೆ ಎಂದು ಕೇಳಲಿಲ್ಲ.

ಶನಿವಾರ ಅರ್ಧ ದಿನ. ಮಧ್ಯಾಹ್ನ ಬಸ್ಸಿಳಿದು, ಎಣ್ಣೆ ಹತ್ತಿದ ಕಲ್ಲನ್ನೇ ಹೇಗಿದೆಯೋ ಹಾಗೆ ಬರೆದುಕೊಂಡು ಹೋದರಾಯಿತು ಎಂದು ಹೊಲದ ದಾರಿ ಹಿಡಿದೆ. ಕಾಲುವೆ ದಾಟಿ ಹೊಂಗೆಮರ ಕಂಡಾಗ, ಅದರ ಕೆಳಗೆ ನಮ್ಮ ಕಲ್ಲಿನ ಬದಲು ಯಾರೋ ಬೇರೆ ಕಲ್ಲು ತಂದು ನಿಲ್ಲಿಸಿದ್ದಾರೆ ಅನ್ನಿಸಿತು. ಬೂದಿಬಣ್ಣದ ಕಲ್ಲು, ಒರೆಸಿಟ್ಟ ಹಾಗೆ. ಬುಡದ ಮಣ್ಣಿನಲ್ಲಿ ಸೀಗೆಪುಡಿಯ ವಾಸನೆ. ತಾತನಿಗೆ ನೀರು ಹಾಕಿದ್ದರು.

ತಾತನಿಗೆ ನೀರು ಹಾಕಿದ್ದಾರೆ ಎಂದರೆ ನಮ್ಮ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಅದಕ್ಕೆ ಇರುವುದು ಎರಡೇ ಅರ್ಥ. ಅಣ್ಣ ಬೆಳಿಗ್ಗೆ ನನ್ನ ಕಣ್ಣ ಮುಂದೆ ಇದ್ದ, ಹಲ್ಲುಜ್ಜುತ್ತಿದ್ದ. ಹಾಗಾಗಿ ಉಳಿದದ್ದು ಒಂದೇ. ಆಪರೇಷನ್ನಿಗೆ ದಿನ ಗೊತ್ತಾಗಿದೆ, ಅವ್ವ ಅಷ್ಟರ ತನಕ ಕಾಯಲಾರದೆ ಮೊದಲೇ ಹರಕೆ ತೀರಿಸಿಬಿಟ್ಟಿದ್ದಾಳೆ ಎಂದುಕೊಂಡು ನಾನು ಕಲ್ಲಿನ ಮುಂದೆ ಮಂಡಿಯೂರಿ ಕೂತೆ. ಒಂದು ವರ್ಷದಿಂದ ಬರೀ ಜಿಡ್ಡಿನ ಮುದ್ದೆಯಾಗಿದ್ದವನು ಈಗ ಮನುಷ್ಯನಾಗಿದ್ದ. ಬಿಲ್ಲು ಹಿಡಿದವರು ಮೂವರು ಒಂದು ಕಡೆ, ಕತ್ತಿ ಹಿಡಿದ ಅವನೊಬ್ಬ ಇನ್ನೊಂದು ಕಡೆ, ಅವನ ಹಿಂದೆ ಕೊಂಬಿನ ದನಗಳು. ಸೊಂಟಕ್ಕೆ ಬಾಣ ನೆಟ್ಟಿತ್ತು. ಮೇಲಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು. ಹೆಸರಿನ ಜಾಗದಲ್ಲಿ ಕಲ್ಲಿನ ಚಕ್ಕೆಯೇ ಎದ್ದುಹೋಗಿತ್ತು. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. ಎಷ್ಟು ತಿಣುಕಿದರೂ ಹೆಚ್ಚಿನದು ಸಿಗಲಿಲ್ಲ. ಕಡೆಯ ಮಾತೊಂದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಇವತ್ತಿಗೂ ನಾವು ಹಾಗೇ ಅನ್ನುವುದು: ಸತ್ತ.

ಅವ್ವ ಮರದ ಆಚೆ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದದ್ದು ಆಮೇಲೆ ಕಂಡಿತು. ಅಣ್ಣನಿಗೆ ಆಪರೇಷನ್ ಆಗುವ ಮೊದಲೇ ನೀರು ಹಾಕಿಬಿಟ್ಟೆಯಲ್ಲ, ತಾತನ ಮೇಲೆ ಅಷ್ಟೊಂದು ನಂಬಿಕೆಯಾ ಎಂದು ನಗುತ್ತಲೇ ಕೇಳಿದೆ. ಅವಳು ಕುಡುಗೋಲನ್ನು ಕೆಳಗಿಟ್ಟು ಬಂದು ನನ್ನ ಪಕ್ಕ ಕೂತಳು.

"ನನ್ದು ಮ್ಯಾಚಾಯ್ತದೆ ಅಂದಿದ್ದು ನಿಜ್ವೇ ಕಣವ್ವ. ಆದ್ರೆ ಆಪ್ರೇಸನ್ನ ಅವನ್ ಎದೆ ತಡ್ಯಕಿಲ್ವಂತೆ. ಆರ್ಟು ಊದ್ಕೊಂಡದಂತೆ. ಯಾರ್ದು ಕೊಟ್ರೂ ಅಷ್ಟೇಯ ಅಂದ್ಬುಟ್ರು."

ಹಾಗಾದರೆ ನೀರು ಯಾಕೆ ಹಾಕಿದೆ ಎಂದು ಕೇಳಿದೆ.

"ಇನ್ನೇನಂತ ಎಣ್ಣೆ ಉಯ್ಯದು? ಅವನ್ಗಂತೂ ಆಗ್ನಿಲ್ಲ. ನಿನ್ ಓದ್ಗಾದ್ರೂ ಆಗ್ಲಿ ಅಂತ ತೊಳ್ದೆ."

ಹಾಗೆಂದು ಸೆರಗಿನ ತುದಿಯಿಂದ, ಅಕ್ಷರಗಳ ಸಂದಿಯಲ್ಲಿ ಉಳಿದಿದ್ದ ಸೀಗೆಪುಡಿಯನ್ನು ಒರೆಸತೊಡಗಿದಳು. ಅವಳಿಗೆ ಓದಲು ಬರುವುದಿಲ್ಲ. ತಾನು ಒರೆಸುತ್ತಿರುವುದು ಯಾವ ಅಕ್ಷರ ಎಂದು ಅವಳಿಗೆ ಗೊತ್ತಿರಲಿಲ್ಲ. ಬಿಡು ಅವ್ವ ಎಂದು ಅವಳ ಕೈ ಹಿಡಿದುಕೊಂಡೆ. ಕೈಯೆಲ್ಲ ಉಜ್ಜಿ ಉಜ್ಜಿ ಸುಲಿದಿತ್ತು. ಒಬ್ಬಳೇ ಹಂಡೆಯ ಬಿಸಿನೀರು ಹೊತ್ತು ತಂದು, ವರ್ಷದ ಜಿಡ್ಡನ್ನು ತೆಂಗಿನ ನಾರಿನಲ್ಲಿ ಕೆರೆದಿದ್ದಳು. ನನ್ನ ಓದಿಗೆ ಇಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ, ಯಾರೂ ಕೊಡಬಾರದಿತ್ತು. ಅಲ್ಲಿಯೇ ಅವಳ ಮಡಿಲಿನಲ್ಲಿ ಮುಖವಿಟ್ಟು ಅತ್ತೆ. ಗುರುವಾರ ಅತ್ತದ್ದೂ ಅದೇ ಮಡಿಲಿನಲ್ಲೇ.

ಅಣ್ಣನಿಗೆ ಹೇಳುವುದು ಬೇಡ ಎಂದು ಅವ್ವ ಅಷ್ಟೇ ಹೇಳಿದಳು. ಆದರೆ ಅವನಿಗೆ ಬೇರೆಯದೇ ಸುದ್ದಿ ಮುಟ್ಟಿತ್ತು. ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ಕಲ್ಲಿನ ಚಿತ್ರ ತಿದ್ದುತ್ತಿದ್ದಾಗ ಬಂದು ಕಂಬಕ್ಕೆ ಒರಗಿ ಕೂತ. ಅವ್ವ ತಾತನಿಗೆ ನೀರು ಹಾಕಿದ್ದಾಳೆ ಎಂದು ಹೊಲದ ಕಡೆಯಿಂದ ಬಂದವರು ಯಾರೋ ಹೇಳಿದ್ದರು. ಅವನ ಮುಖದಲ್ಲಿ ಆ ವರ್ಷದಲ್ಲಿ ನಾನು ಕಾಣದ ಕಳೆಯಿತ್ತು. ಅವನೂ ನಮ್ಮ ಮನೆಯಲ್ಲೇ ಹುಟ್ಟಿದವನು. ನಾನು ಶನಿವಾರ ಮಾಡಿಕೊಂಡ ಅರ್ಥವನ್ನೇ ಮಾಡಿಕೊಂಡಿದ್ದ. ಚಿತ್ರವನ್ನು ಎಳೆದುಕೊಂಡು, ಇವನೇನಾ ತಾತ, ಪರವಾಗಿಲ್ಲ, ನನ್ನ ಹಾಗೇ ಇದ್ದಾನೆ ಎಂದ. ಅಕ್ಷರಗಳ ಮೇಲೆ ಬೆರಳಿಟ್ಟು ಏನು ಬರೆದಿದೆ ಎಂದು ಕೇಳಿದ. ದನ ಕದಿಯಲು ಬಂದವರ ಜೊತೆ ಹೊಡೆದಾಡಿದ್ದು ಎಂದೆ.

"ಗೆದ್ನಾ?" ಎಂದ.

ಮೇಷ್ಟ್ರ ಮಾತು ನೆನಪಿತ್ತು. ಕಲ್ಲಿನ ಮೇಲೆ ಏನಿದೆಯೋ ಅದು. ಚಿತ್ರದಲ್ಲಿ ಆ ಕಡೆಯ ಮಾತನ್ನು ನಾನೇ ದಪ್ಪಗೆ ತಿದ್ದಿದ್ದೆ. ಅದರ ಮೇಲೆ ಅಂಗೈ ಊರಿಕೊಂಡು ಕೂತೆ.

"ದನ ಎಲ್ಲಾ ಮನೆಗ್ ಬಂದ್ವಂತೆ ಕಣಣ್ಣ," ಎಂದೆ.

ಹಾಗಾದರೆ ಗೆದ್ದ ಹಾಗೇ ಎಂದು ಅವನು ಎದ್ದು ಒಳಗೆ ಹೋದ.

ಸೋಮವಾರ ಮತ್ತೆ ಅದೇ ಸ್ಟಾಪು, ಎರಡು ದಿಕ್ಕಿನ ಬಸ್ಸು. ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಚಿತ್ರವನ್ನು ಎಲ್ಲರಿಗೂ ತೋರಿಸಿ ಹೊಗಳಿದರು. ಇಷ್ಟು ಸ್ಪಷ್ಟವಾಗಿ ಬಂದಿದೆ, ಎಣ್ಣೆ ಹಾಕುವ ಕಲ್ಲು ಎಂದಿದ್ದಿರಲ್ಲ, ತೊಳೆಯಲು ಮನೆಯವರು ಒಪ್ಪಿದರಾ ಎಂದು ಕೇಳಿದರು. ಒಪ್ಪಿದರು ಸರ್ ಎಂದು ಕೂತುಕೊಂಡೆ.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಅಣ್ಣ ಹೋದ. ಡಯಾಲಿಸಿಸ್ ನಡೆಯುತ್ತಿರುವಾಗಲೇ ಎದೆ ನಿಂತಿತು. ಸಂಗಮದಲ್ಲಿ ಬೂದಿ ಬಿಟ್ಟು ಬಂದು, ಸೂತಕ ಕಳೆಯುವ ದಿನ ನಮ್ಮ ವಂಶದ ಹೆಂಗಸರೆಲ್ಲ ಸೇರಿ ಬಿಸಿನೀರು, ಸೀಗೆಪುಡಿ ಹೊತ್ತುಕೊಂಡು ಹೊಲಕ್ಕೆ ಹೋದೆವು. ನಡುವೆ ಅಷ್ಟು ಶುಕ್ರವಾರಗಳು ಕಳೆದಿದ್ದರೂ ಕಲ್ಲು ನಾನು ಆ ಶನಿವಾರ ಕಂಡಂತೆಯೇ ಇತ್ತು. ಮೊದಲ ಚೊಂಬು ನೀರು ಸುರಿದ ಚಿಕ್ಕಮ್ಮ, ನೀರು ತಿಳಿಯಾಗಿಯೇ ಇಳಿದುಹೋದದ್ದನ್ನು ಕಂಡು, ಇದೇನಕ್ಕ ಎಣ್ಣೆಯೇ ಇಲ್ಲವಲ್ಲ ಎಂದಳು.

"ನಾನ್ ಆಗ್ಲೇ ನೀರಾಕಾಯ್ತು ಕಣವ್ವ," ಎಂದಳು ಅವ್ವ.

ಚಿಕ್ಕಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೀಗೆಪುಡಿಯ ಪೊಟ್ಟಣವನ್ನು ಮತ್ತೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.